ಕೆಂಚನ ಅರ್ಧ ಚೆಂಡು

ಆ ಚೆಂಡಿನಲ್ಲಿ ಏನೂ ಇಲ್ಲ. ಕಪಿಲೆಯ ದಂಡೆಯಲ್ಲಿ ಕ್ರಿಕೆಟ್ ಆಡುವ ಹುಡುಗರು ಯಾವುದೋ ಬೇಸಿಗೆಯಲ್ಲಿ ಕಳೆದುಕೊಂಡು, ಹುಡುಕಿ ಬೇಸತ್ತು ಬಿಟ್ಟುಹೋದ ಟೆನ್ನಿಸ್ ಚೆಂಡು. ಮೇಲಿನ ಹಳದಿ ಜುಂಗು ಎಂದೋ ಉದುರಿದೆ. ಒಂದು ಪಕ್ಕ ಸೀಳಿ, ಹರಿದು, ಈಗ ಉಳಿದಿರುವುದು ಅರ್ಧವೇ. ನೆಲಕ್ಕೆ ಹೊಡೆದರೆ ಪುಟಿಯುವುದಿಲ್ಲ, ಉರುಳಿಸಿದರೆ ಎರಡು ಗೇಣು ಹೋಗಿ ಮಗುಚಿಕೊಳ್ಳುತ್ತದೆ. ಅವ್ವ ಅದನ್ನು ಎರಡು ಸಲ ತಿಪ್ಪೆಗೆ ಎಸೆದಿದ್ದಾಳೆ. ಎರಡು ಸಲವೂ ನಮ್ಮ ನಾಯಿ ಕೆಂಚ ಕಚ್ಚಿಕೊಂಡು ಬಂದು ಜಗಲಿಯ ಮೂಲೆಗೆ ಹಾಕಿದ್ದಾನೆ.

ಕೆಂಚನಿಗೆ ಈಗ ಒಂಬತ್ತು ವರ್ಷ. ಇಷ್ಟು ವರ್ಷ ಅವನು ಆ ಚೆಂಡನ್ನು ಕಾಯುತ್ತಿರಲಿಲ್ಲ. ಮಳೆಯಲ್ಲಿ ಅಂಗಳದಲ್ಲೇ ನೆನೆಯುತ್ತಿತ್ತು. ವಾರಗಟ್ಟಲೆ ಹಿತ್ತಲ ಬಾಳೆಗಿಡದ ಬುಡದಲ್ಲಿ ಬಿದ್ದಿರುತ್ತಿತ್ತು. ಅದು ಅವನದು ಎಂಬುದು ನಮಗೆ ಗೊತ್ತಿರಲಿಲ್ಲ, ಅವನಿಗೂ ಗೊತ್ತಿತ್ತೋ ಇಲ್ಲವೋ.

ಸುತ್ತೂರು ಜಾತ್ರೆ ಮುಗಿದ ವಾರ ಚುಕ್ಕಿ ಬಂದಳು. ಹಿಂದಿನ ಬೀದಿಯ ಹುಲ್ಲಿನ ಮೆದೆಯ ಸಂದಿನಲ್ಲಿ ಹುಟ್ಟಿ, ಎರಡು ತಿಂಗಳು ತಾಯ ಹಾಲು ಕುಡಿದು, ಮಗಳ ಮಡಿಲೇರಿ ಬಂದ ಮರಿ. ಜಾತ್ರೆಯಲ್ಲಿ ಮಗಳು ಕೊಂಡಿದ್ದ, ಅಮುಕಿದರೆ ಕೀಚ್ ಎನ್ನುವ ರಬ್ಬರ್ ಬಾತುಕೋಳಿಯೂ ಅವಳ ಪಾಲಿಗೇ ಹೋಯಿತು. ಚುಕ್ಕಿ ಬಾತುಕೋಳಿಯನ್ನು ಮೂಸಿ, ಒಂದು ಸೀನು ಸೀನಿ, ನೆಟ್ಟಗೆ ನಡೆದದ್ದು ಅರ್ಧ ಚೆಂಡಿನ ಕಡೆಗೆ.

ಕೆಂಚ ಎಲ್ಲಿದ್ದನೋ, ಬಂದ. ಚೆಂಡಿನ ಮೇಲೆ ಗದ್ದ ಊರಿದ. ಮೊದಲು ಬಾಲ ನಿಂತಿತು. ಆಮೇಲೆ ಮೈಯೆಲ್ಲ ಬಿಗಿಯಾಯಿತು. ತಲೆ ತಿರುಗಲಿಲ್ಲ, ಕಣ್ಣು ಮಾತ್ರ ತಿರುಗಿ ಮೂಲೆಯಲ್ಲಿ ಬಿಳಿ ಕಂಡಿತು. ಕೊನೆಗೆ, ಎಲ್ಲೋ ದೂರದಲ್ಲಿ ಹಿಟ್ಟಿನ ಗಿರಣಿ ಶುರುವಾದ ಹಾಗೆ, ಬಾಯಿ ತೆರೆಯದೆಯೇ ಒಂದು ಗುರ್ರ್.

ಚುಕ್ಕಿ ಎತ್ತಿದ ಕಾಲನ್ನು ಹಾಗೇ ಹಿಡಿದು ನಿಂತಳು. ಮುಖ ಪಕ್ಕಕ್ಕೆ ತಿರುಗಿಸಿದಳು. ಮೆಲ್ಲಗೆ ಕೂತು, ಮಲಗಿ, ಹೊಟ್ಟೆ ತೋರಿಸಿದಳು. ಇದಿಷ್ಟನ್ನೂ ಅವಳಿಗೆ ನಾವಂತೂ ಹೇಳಿಕೊಟ್ಟಿರಲಿಲ್ಲ.

ನಾನು ಮಾಡಿದ್ದು ಎಲ್ಲರೂ ಮಾಡುವ ದಡ್ಡತನ. 'ಏಯ್ ಕೆಂಚ!' ಎಂದು ಗದರಿದೆ. ಚಿಕ್ಕ ಮರಿಯ ಮೇಲೆ ದೊಡ್ಡವನ ದಬ್ಬಾಳಿಕೆ ಎಂದು ನನ್ನ ತೀರ್ಮಾನ. ಅವನು ಗುರುಗುಟ್ಟುವುದನ್ನು ನಿಲ್ಲಿಸಿದ. ಗೆದ್ದೆ ಅಂದುಕೊಂಡೆ. ಮೂರನೆಯ ದಿನ ಚುಕ್ಕಿ ಮತ್ತೆ ಹತ್ತಿರ ಹೋದಾಗ ಅವನು ಗುರ್ ಅನ್ನಲೇ ಇಲ್ಲ. ಅವಳ ಮೂತಿಯ ಮುಂದೆ ಹಲ್ಲು ಕಟಕ್ಕೆಂದಿತು. ಕೂದಲೆಳೆಯಲ್ಲಿ ತಪ್ಪಿತು. ತಪ್ಪಿದ್ದಲ್ಲ, ತಪ್ಪಿಸಿದ್ದು ಎಂದು ಈಗ ಅನ್ನಿಸುತ್ತದೆ.

ನಮ್ಮ ಕಡೆ ಕಬಿನಿ ನಾಲೆಯ ನೀರಿಗೆ ಸರದಿ ಇರುತ್ತದೆ. ರಾತ್ರಿ ತೂಬಿನ ಹತ್ತಿರ ಯಾರೋ ಬಗ್ಗಿದ ಹಾಗೆ ಕಂಡರೆ ಬದುವಿನ ಮೇಲೆ ಕಂಬಳಿ ಹೊದ್ದು ಕೂತವನು ಒಮ್ಮೆ ಕೆಮ್ಮುತ್ತಾನೆ. ಬಗ್ಗಿದವನು 'ಇನ್ನೂ ಎದ್ದಿದ್ದೀಯಾ ಅಣ್ಣ' ಎಂದು ಬೀಡಿಗೆ ಬೆಂಕಿ ಕೇಳಿ ಮುಂದೆ ಹೋಗುತ್ತಾನೆ. ಎಷ್ಟೋ ಜಗಳ ಆ ಕೆಮ್ಮಿನಲ್ಲೇ ಮುಗಿದಿವೆ. ಕೆಮ್ಮಬಾರದು ಎಂದು ಕಾನೂನು ಮಾಡಿದರೆ ಆಮೇಲೆ ಮಾತಾಡುವುದು ಗುದ್ದಲಿ. ಕೆಂಚನ ಕೆಮ್ಮನ್ನು ಕಿತ್ತುಕೊಂಡವನು ನಾನು.

ಆ ಕೆಮ್ಮಿನಲ್ಲೂ ಬಗೆಗಳಿವೆಯಂತೆ. ಹಂಗೇರಿಯ ಬುಡಾಪೆಸ್ಟಿನಲ್ಲಿ ನಾಯಿಗಳ ನಡವಳಿಕೆಯನ್ನು ಅಭ್ಯಾಸ ಮಾಡುವ ತಮಾಶ್ ಫರಾಗೊ, ಪೀಟರ್ ಪೊಂಗ್ರಾಟ್ಸ್ ಮತ್ತು ಅವರ ಸಂಗಡಿಗರು 2010ರಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದರು. ಮೂಳೆ ಕಾಯುವಾಗಿನ, ಅಪರಿಚಿತ ಮನುಷ್ಯ ಮೇಲೆ ಬರುವಾಗಿನ, ಹಗ್ಗ ಎಳೆದಾಡುವಾಗಿನ ಗುರ್ರುಗಳನ್ನು ಧ್ವನಿಮುದ್ರಿಸಿಕೊಂಡರು. ಆಮೇಲೆ ಒಂದು ಮೂಳೆ ಇಟ್ಟು, ಬೇರೆ ನಾಯಿ ಅದರ ಹತ್ತಿರ ಬಂದಾಗ, ಕಾಣದ ಸ್ಪೀಕರಿನಿಂದ ಒಂದೊಂದನ್ನೂ ಕೇಳಿಸಿದರು. ಮೂಳೆ ಕಾಯುವ ಗುರ್ರಿಗೆ ನಾಯಿಗಳು ಹಿಂದೆ ಸರಿದಷ್ಟು ಮಿಕ್ಕವಕ್ಕೆ ಸರಿಯಲಿಲ್ಲ. ಅಪರಿಚಿತನನ್ನು ಬೆದರಿಸುವ ಗುರ್ರೂ ಸಿಟ್ಟಿನದೇ, ನನ್ನ ಕಿವಿಗೆ ಎರಡೂ ಒಂದೇ. ಆದರೂ ನಾಯಿಗೆ ಅದು ಮೂಳೆಯ ಮಾತಲ್ಲ. ವಾಸನೆಯಿಲ್ಲ, ಆಕಾರವಿಲ್ಲ, ಎದುರಿಗೆ ನಾಯಿಯೇ ಇಲ್ಲ, ಬರೀ ದನಿಯಲ್ಲಿ 'ಇದು ನನ್ನದು' ಎಂಬುದು ದಾಟುತ್ತದೆ. ಐವತ್ತು ವರ್ಷ ನಾಯಿಗಳ ನಡುವೆ ಬದುಕಿ ನಾನು ಕೇಳಿಸಿಕೊಂಡದ್ದು ಒಂದೇ ಗುರ್ರ್.

ಮೂಳೆಯಾದರೆ ಹೊಟ್ಟೆಯ ವಿಷಯ, ಅರ್ಥವಾಗುತ್ತದೆ. ಜಾತ್ರೆಯ ಆರು ದಿನ ಸುತ್ತೂರು ಮಠದ ದಾಸೋಹದಲ್ಲಿ ಲಕ್ಷಾಂತರ ಜನ ಉಣ್ಣುತ್ತಾರೆ. ಬೇರೆ ದಿನ ಒಂದು ಎಂಜಲೆಲೆಗೆ ಒಂದರ ಮೇಲೊಂದು ಬೀಳುವ ನಾಯಿಗಳು ಆ ದಿನಗಳಲ್ಲಿ ನೆರಳು ಹುಡುಕಿಕೊಂಡು, ಒಂದರ ಬೆನ್ನಿಗೊಂದು ತಾಗಿ ಮಲಗಿರುವುದನ್ನು ಕಂಡಿದ್ದೇನೆ. ಆದರೆ ಅರ್ಧ ಚೆಂಡನ್ನು ತಿನ್ನಲಾಗದು. ಕೆಂಚನ ಹೊಟ್ಟೆ ತುಂಬಿದೆ. ಅವನಿಗೆ ಬೇಕಿರುವುದು ಚೆಂಡೂ ಅಲ್ಲ; ಚುಕ್ಕಿ ನಿದ್ದೆ ಹೋದರೆ ಅವನು ಅದನ್ನು ಅಲ್ಲೇ ಬಿಟ್ಟು ಎದ್ದು ಹೋಗುತ್ತಾನೆ. ಅವಳಿಗೂ ಹಾಗೆಯೇ. ಅವನ ಗದ್ದದ ಅಡಿಯಲ್ಲಿ ಇರುವಷ್ಟು ಹೊತ್ತು ಮಾತ್ರ ಅದು ಲೋಕದ ಏಕೈಕ ಚೆಂಡು.

ಅವ್ವನಿಗೆ ಇದರಲ್ಲಿ ಬೆರಗೇನೂ ಕಾಣಲಿಲ್ಲ. 'ನಿನ್ ತಮ್ಮ ಹುಟ್ದಾಗ ನೀನೂ ಹಿಂಗೇ ಕನಪ್ಪ. ಮೊಳೆ ಇಲ್ದಿರೊ ಬುಗ್ರೀನ ಮಗ್ಗುಲಲ್ಲಿ ಮಡೀಕೊಂಡು ಮನಗ್ತಿದ್ದೆ' ಎಂದಳು. ನನಗೆ ಬುಗುರಿಯ ನೆನಪಿಲ್ಲ. ತಮ್ಮನ ಕೈ ನೆನಪಿದೆ, ನನ್ನ ಕಡೆಗೆ ಚಾಚಿದ್ದು.

ಇನ್ನೊಬ್ಬರದ್ದರ ಕಡೆಗೆ ಹೀಗೆ ಕೈ ಚಾಚಿದ ಕಥೆ ಕಲ್ಲಿನಲ್ಲೂ ಇದೆ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಿಕ್ಕ ಹತ್ತನೆಯ ಶತಮಾನದ ಕಲ್ಲೊಂದು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. 949ರ ಸುಮಾರಿಗೆ ತಕ್ಕೋಲದಲ್ಲಿ ಚೋಳರ ಮೇಲೆ ನಡೆದ ಕಾಳಗದಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣ, ಗಂಗರ ಬೂತುಗ ಗೆದ್ದರು. ಜೊತೆಗಿದ್ದ ಮಣಲೇರನ ಪರಾಕ್ರಮಕ್ಕೆ ಮೆಚ್ಚಿ, ಬೇಕಾದ್ದು ಕೇಳು ಎಂದಾಗ ಅವನು ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಊರು ಕೇಳಬಹುದಿತ್ತು. ಅರಸನ ಪಕ್ಕದಲ್ಲಿ ನಿಂತ ಆ ನಾಯಿಯ ಮೇಲೆ ಅವನ ಕಣ್ಣು ಎಂದಿನಿಂದ ಇತ್ತೋ. ಕಾಳಿ ಮುಂದೆ ಒಂದು ದೊಡ್ಡ ಹಂದಿಯೊಡನೆ ಹೋರಾಡಿ, ಅದನ್ನು ಕೊಂದು ತಾನೂ ಸತ್ತಿತು. ಕಲ್ಲು ನಿಲ್ಲಿಸಿದರು, ಭೂಮಿ ಬಿಟ್ಟರು, ಕಲ್ಲನ್ನು ಪೂಜಿಸದೆ ಉಂಡರೆ ಪಾಪ ಎಂದು ಕಟ್ಟಳೆಯನ್ನೂ ಕೆತ್ತಿಸಿದರು. ಆ ಕಲ್ಲನ್ನು ನೆನೆದಾಗಲೆಲ್ಲ ನನ್ನ ಮನಸ್ಸು ಸಿಕ್ಕಿಕೊಳ್ಳುವುದು ಹಂದಿಯ ಹತ್ತಿರ ಅಲ್ಲ, ಅದಕ್ಕೂ ಹಿಂದೆ. ಕೇಳಿದಾಗ ಕೊಡುವವರ ಗಂಟಲಲ್ಲಿ ಒಂದು ಗುರ್ರ್ ಎದ್ದು ಇಳಿದಿರಲಾರದೆ?

ಮನೆಯಲ್ಲಿ ಈಗ ಒಂದಷ್ಟು ಕಟ್ಟಳೆ ನಮ್ಮವೂ ಇವೆ. ಊಟದ ತಟ್ಟೆ ಕೆಂಚನಿಗೆ ಜಗಲಿಯಲ್ಲಿ, ಚುಕ್ಕಿಗೆ ಹಿತ್ತಲಲ್ಲಿ, ನಡುವೆ ಮುಚ್ಚಿದ ಬಾಗಿಲು. ಗುರ್ ಅಂದರೆ ಯಾರೂ ಗದರುವುದಿಲ್ಲ. ಮರಿಯನ್ನು ಕರೆದು ಬೇರೆ ಆಟಕ್ಕೆ ಹಚ್ಚುತ್ತೇವೆ. ಚೆಂಡನ್ನು ಕೆಂಚನ ಬಾಯಿಂದ ಕಿತ್ತುಕೊಳ್ಳುವುದಿಲ್ಲ. ಬೇಯಿಸಿದ ಗೆಣಸಿನ ಒಂದು ತುಂಡು ತೋರಿಸಿದರೆ ತಾನೇ ಬಿಡುತ್ತಾನೆ. ಗೆಣಸು ತಿಂದ ಮೇಲೆ ಚೆಂಡನ್ನು ಅವನಿಗೇ ವಾಪಸು ಕೊಡುತ್ತೇವೆ. ಇದನ್ನು ದಿನಾ ಮಾಡಿದ್ದರಿಂದ, ಕೈ ಹತ್ತಿರ ಬಂದರೆ ಚೆಂಡು ಹೋಗುತ್ತದೆ ಎಂಬ ಲೆಕ್ಕ ಹೋಗಿ, ಗೆಣಸು ಬರುತ್ತದೆ ಎಂಬ ಲೆಕ್ಕ ಬಂದಿದೆ. ಚುಕ್ಕಿಯ ಹಾಲುಹಲ್ಲು ಬೀಳುವ ಕಾಲ ಇದು. ನಾಲ್ಕು ತಿಂಗಳಾಗುತ್ತಿದ್ದಂತೆ ಒಸಡಿನ ನವೆಗೆ ಕಂಡಿದ್ದೆಲ್ಲ ಕಚ್ಚುತ್ತಾಳೆ, ನನ್ನ ಚಪ್ಪಲಿಯ ಬಾರು ಸೇರಿದಂತೆ. ಅದಕ್ಕೆ ಹಳೇ ಗೋಣಿದಾರದ ಹುರಿಯೊಂದನ್ನು ಗಂಟುಹಾಕಿ ಕೊಟ್ಟಿದ್ದೇವೆ. ಸಂಜೆ ಹೊಳೆಯ ಕಡೆ ಇಬ್ಬರನ್ನೂ ಒಟ್ಟಿಗೆ ಕರೆದುಕೊಂಡು ಹೋದರೆ ಇಬ್ಬರೂ ಒಂದೇ ಬೇಲಿಯ ಬುಡವನ್ನು, ಒಬ್ಬರ ಮೂಗಿಗೊಬ್ಬರ ಮೂಗು ತಾಗುವಂತೆ ಮೂಸುತ್ತಾರೆ. ಅಲ್ಲಿ ಯಾರದ್ದೂ ಏನೂ ಇಲ್ಲ.

ನಾವು ಯಾರೂ ನೋಡಿಕೊಳ್ಳಲಾಗದ ಹೊತ್ತಿನಲ್ಲಿ ಚೆಂಡು ಅವರಿಬ್ಬರ ಕೈಗೂ ಸಿಗಬಾರದು ಎಂದು ಮೊನ್ನೆ ಅದನ್ನು ನಡುಮನೆಯ ಗೋಡೆಯ ಗೂಡಿನಲ್ಲಿ ಇಟ್ಟೆ. ಜಗಳ ತೀರಿತು ಅಂದುಕೊಂಡು ಪೇಪರ್ ಹಿಡಿದು ಕೂತೆ. ಬಹಳ ಹೊತ್ತು ಸದ್ದಿಲ್ಲ. ಎದ್ದು ಹೋಗಿ ನೋಡಿದರೆ ಗೂಡಿನ ಕೆಳಗೆ ಕೆಂಚ ಕೂತಿದ್ದಾನೆ, ಪಕ್ಕದಲ್ಲೇ, ಅವನ ಮುಂಗಾಲಿಗೆ ಮೈ ತಾಗಿಸಿಕೊಂಡು ಚುಕ್ಕಿ. ಇಬ್ಬರೂ ಕತ್ತೆತ್ತಿ, ಕಣ್ಣು ಮಿಟುಕಿಸದೆ ಮೇಲೆ ನೋಡುತ್ತಿದ್ದಾರೆ. ಬಾತುಕೋಳಿ ಬಾಗಿಲ ಬಳಿ ಮಗ್ಗುಲಾಗಿ ಬಿದ್ದಿದೆ.

ಅಷ್ಟರಲ್ಲಿ ಅವ್ವ ಹಚ್ಚಿದ ಹಣತೆಗೆ ಅಂಗೈ ಅಡ್ಡ ಹಿಡಿದುಕೊಂಡು ಒಳಗಿಂದ ಬಂದಳು. ಗೂಡು ನೋಡಿದಳು, ಅವರಿಬ್ಬರನ್ನೂ ನೋಡಿದಳು, ನನ್ನನ್ನೂ ನೋಡಿದಳು.

'ದೀಪಾನ ಎಲ್ಲಿ ಮಡಗಾನಪ್ಪ ಈಗ?'