ಫಲಾಧಿಕಾರವೂ ಗೋಟಾ ಕಾಲುವೆಯೂ

ತಂದೆತಾಯಿಗಳೂ ಮಕ್ಕಳೂ ಕೂಡಿದ ಒಂದು ಸಂಸಾರವು ಸಣ್ಣದೊಂದು ಹಾಯಿದೋಣಿಯಲ್ಲಿ ಬೇಸಗೆಯನ್ನು ಕಳೆಯಬೇಕೆಂದು ಸಂಕಲ್ಪಿಸಿ, ಹಾಲೆಂಡಿನ ಐಸೆಲ್ ಸರೋವರದಿಂದ ಹೊರಟು, ವಾಡನ್ ಸಮುದ್ರದ ಕೆಸರುದಿಣ್ಣೆಗಳ ನಡುವೆ ಉಬ್ಬರದ ವೇಳೆಯನ್ನು ಕಾದು ಕಾದು ಮುಂದುವರಿದು, ಎಲ್ಬೆ ನದಿಯ ಮುಖವನ್ನು ಹೊಕ್ಕು, ಕೀಲ್ ಕಾಲುವೆಯ ಮಾರ್ಗವಾಗಿ ಬಾಲ್ಟಿಕ್ಕನ್ನು ಸೇರಿ, ಕಡೆಗೆ ಸ್ವೀಡನ್ನಿನ ಗೋಟಾ ಕಾಲುವೆಯನ್ನು ಏರುವುದು ಉತ್ತರ ಯೂರೋಪಿನಲ್ಲಿ ಅಪೂರ್ವವಾದ ಸಾಹಸವೇನೂ ಅಲ್ಲ. ಆದರೆ ಆ ಜಲಮಾರ್ಗವನ್ನು ಯಾರು, ಯಾವ ಉದ್ದೇಶದಿಂದ ನಿರ್ಮಿಸಿದರೆಂದು ವಿಚಾರಿಸಹೊರಟವನಿಗೆ, ಕರ್ಮ ಮಾಡಿದವನಿಗೂ ಅದರ ಫಲಕ್ಕೂ ಇರುವ ಸಂಬಂಧವೆಂಥದೆಂಬ, ನಮ್ಮಲ್ಲಿ ಪುರಾಣಪ್ರವಚನದ ಕಟ್ಟೆಯ ಮೇಲೂ ಚರ್ಚೆಗೆ ಬರುವ ಪ್ರಶ್ನೆಯು, ಇಲ್ಲಿ ಕಲ್ಲುಗಾರೆಯ ರೂಪದಲ್ಲಿಯೇ ಎದುರು ನಿಲ್ಲುತ್ತದೆ.

ಗೋಟಾ ಕಾಲುವೆಯು ಬಾಲ್ಟಿಕ್ ತೀರದ ಮೆಮ್ ಎಂಬಲ್ಲಿಂದ ವೆನರ್ನ್ ಮಹಾಸರೋವರದವರೆಗೆ, ನಡುನಡುವೆ ಇರುವ ಕೆರೆಗಳನ್ನೂ ಸೇರಿಸಿಕೊಂಡು ಸುಮಾರು 190 ಕಿಲೋಮೀಟರು ಹರಿದಿದೆ. ದೋಣಿಯನ್ನು ನೀರಿನ ಬಲದಿಂದಲೇ ಏರಿಸಿ ಇಳಿಸುವ, ಲಾಕ್ ಎನ್ನಿಸಿಕೊಳ್ಳುವ ಕಲ್ಲಿನ ಕೋಣೆಗಳು ಅದರಲ್ಲಿ 58 ಉಂಟು. ನೆತ್ತಿಯ ಭಾಗದಲ್ಲಿ ದೋಣಿಯು ಸಮುದ್ರಮಟ್ಟಕ್ಕಿಂತ ಸುಮಾರು 92 ಮೀಟರು ಮೇಲೆ ತೇಲುತ್ತಿರುತ್ತದೆ. ಬೆರ್ಗ್ ಎಂಬಲ್ಲಿ ಇಂಥ ಏಳು ಕೋಣೆಗಳು ಸೋಪಾನದಂತೆ ಒಂದರ ಮೇಲೊಂದು ಇವೆ. ಕೋಣೆಗೆ ಮುಂಚೆಯೇ ದಡಕ್ಕೆ ಹಾರಿಕೊಂಡ ಮಗಳು ಹಗ್ಗವನ್ನು ಕಬ್ಬಿಣದ ಬಳೆಯೊಳಗೆ ತೂರಿಸುತ್ತಾಳೆ. ಹಿಂದಿನ ಕದ ಮುಚ್ಚಿ, ಮುಂದಿನ ತೂಬು ತೆರೆದೊಡನೆ ನೀರು ನೊರೆನೊರೆಯಾಗಿ ಒಳನುಗ್ಗುತ್ತದೆ. ದೋಣಿಯು ಏರಿದಂತೆಲ್ಲ ಹಗ್ಗ ಸಡಿಲವಾಗಲು, ತಂದೆಯು ಅದನ್ನು ಗಿರಗಟೆಗೆ ಸುತ್ತಿ ಬಿಗಿಯುತ್ತಲೇ ಇರಬೇಕು, ಒಂದು ಗಳಿಗೆ ಮೈಮರೆತರೂ ದೋಣಿಯ ಮೂತಿ ಗೋಡೆಗೆ ಬಡಿಯುತ್ತದೆ. ಆರು ಸಲ ಹೀಗಾದ ಮೇಲೆ ಏಳನೆಯ ಸಲಕ್ಕೆ ಹುಡುಗಿಗೆ ಅದು ಆಟವಾಗಿಬಿಟ್ಟಿರುತ್ತದೆ.

ಈ ಆಟವನ್ನು ಕಾಲುವೆಯ ಕರ್ತೃವು ಸ್ವಪ್ನದಲ್ಲಿಯೂ ಎಣಿಸಿದವನಲ್ಲ. ನೌಕಾಪಡೆಯ ಅಧಿಕಾರಿಯಾಗಿದ್ದ ಬಾಲ್ಟ್ಸಾರ್ ಫಾನ್ ಪ್ಲಾಟನ್, ಸ್ಕಾಟ್ಲೆಂಡಿನ ಪ್ರಸಿದ್ಧ ಎಂಜಿನಿಯರು ಥಾಮಸ್ ಟೆಲ್ಫರ್ಡನ ನೆರವನ್ನು ಪಡೆದು, 1810ರಲ್ಲಿ ಕೆಲಸವನ್ನು ಆರಂಭಿಸಿದನು. ಎರೆಸುಂಡ್ ಜಲಸಂಧಿಯಲ್ಲಿ ಡೇನರು ಶತಮಾನಗಳಿಂದ ವಸೂಲು ಮಾಡುತ್ತಿದ್ದ ಸುಂಕವನ್ನು ತಪ್ಪಿಸಿಕೊಳ್ಳುವುದು, ಯುದ್ಧ ಬಂದರೆ ಒಳನಾಡಿನ ದಾರಿಯೊಂದಿರುವುದು, ಇವು ಅವನ ಪ್ರಯೋಜನಗಳು. ಸುಮಾರು 58,000 ಮಂದಿ ಸೈನಿಕರು, ಬಹುಮಟ್ಟಿಗೆ ಮರದ ಸಲಿಕೆಗಳಿಂದಲೇ, ಇಪ್ಪತ್ತೆರಡು ವರ್ಷ ಅಗೆದರು. ಪ್ಲಾಟನ್ 1829ರಲ್ಲಿ ತೀರಿಕೊಂಡನು. ಕಾಲುವೆ ಪೂರ್ಣವಾದದ್ದು 1832ರಲ್ಲಿ. 1857ರಲ್ಲಿ ಡೇನರ ಸುಂಕವೇ ರದ್ದಾಯಿತು. 1862ರಲ್ಲಿ ಸ್ಟಾಕ್‌ಹೋಮಿನಿಂದ ಗೋಥೆನ್‌ಬರ್ಗಿಗೆ ರೈಲುಮಾರ್ಗ ಸಿದ್ಧವಾಯಿತು. ಯಾವ ಫಲಕ್ಕಾಗಿ ಒಂದು ರಾಷ್ಟ್ರವು ಬೆವರು ಸುರಿಸಿತೋ ಆ ಫಲವು ಒಂದು ತಲೆಮಾರಿನೊಳಗೆ ಅರ್ಥಹೀನವಾಯಿತು. ಉಳಿದದ್ದು ವಿಹಾರದ ದೋಣಿಗಳಿಗೆ.

ಫಲದಲ್ಲಿ ನಿನಗೆ ಅಧಿಕಾರವಿಲ್ಲವೆಂಬ ಗೀತೋಕ್ತಿಯನ್ನು ನಾವು ಸಾಮಾನ್ಯವಾಗಿ ಒಂದು ವಿಧಿಯೆಂದು, ಮನಸ್ಸಿನ ಶುದ್ಧಿಗಾಗಿ ಕರ್ತೃವು ಕೈಕೊಳ್ಳತಕ್ಕ ವ್ರತವೆಂದು ಗ್ರಹಿಸುತ್ತೇವೆ. ಪ್ಲಾಟನ್ನನು ಅಂಥ ವ್ರತಸ್ಥನಾಗಿದ್ದನೆಂದು ಹೇಳಲು ಆಧಾರವಿಲ್ಲ. ಅವನು ಕೀರ್ತಿಯನ್ನೂ ದೇಶದ ಲಾಭವನ್ನೂ ಬಯಸಿದ ರಾಜಕಾರಣಿ. ಆದರೂ ಫಲವು ಅವನ ಅಂಕೆಯಲ್ಲಿರಲಿಲ್ಲ, ನಿಷ್ಕಾಮಿಯೊಬ್ಬನು ಇದೇ ಕಾಲುವೆಯನ್ನು ತೋಡಿಸಿದ್ದರೂ ಇರುತ್ತಿರಲಿಲ್ಲ. ಆದುದರಿಂದ ಆ ಮಾತು ವಿಧಿಯಾಗುವುದಕ್ಕೆ ಮುಂಚೆ ಲೋಕಸ್ಥಿತಿಯ ವರ್ಣನೆಯೆಂದು ನನಗೆ ತೋರುತ್ತದೆ: ಹಂಬಲಿಸಿದರೂ ಹಂಬಲಿಸದಿದ್ದರೂ ಫಲವು ಕರ್ತೃವಿನ ವಿಳಾಸಕ್ಕೇ ಬಂದು ಮುಟ್ಟುವುದೆಂಬ ನಿಯಮವಿಲ್ಲ. ವಿಧಿಯು ಈ ಸ್ಥಿತಿಯನ್ನು ಅರಿತುಕೊಂಡವನಿಗೆ ಹೇಳಿದ್ದು. ಭಾಷ್ಯಕಾರರು ಇದನ್ನು ಒಪ್ಪುವರೋ ಇಲ್ಲವೋ, ಸ್ವೀಡನ್ನಿನ ಕಾಲುವೆಯಂತೂ ಒಪ್ಪುತ್ತದೆ.

ಆದರೆ ಇಷ್ಟಕ್ಕೇ ನಿಲ್ಲಿಸಿದರೆ ಸಿದ್ಧಾಂತವು ಬಹಳ ಸುಲಭವಾಗಿಬಿಡುತ್ತದೆ; ಅದರ ತೊಡಕು ಕಾಣಬೇಕಾದರೆ ನಮ್ಮ ಸಂಸಾರವು ಹೊರಟ ಐಸೆಲ್ ಸರೋವರಕ್ಕೆ ಮರಳಬೇಕು. ಅದು ಹಿಂದೆ ಸರೋವರವಾಗಿರಲಿಲ್ಲ. ಜೂಡರ್‌ಜೇ ಎಂಬ ಉಪ್ಪುನೀರಿನ ಕೊಲ್ಲಿ. 1916ರ ಪ್ರವಾಹದ ತರುವಾಯ, 1918ರಲ್ಲಿ ಶಾಸನವಾಗಿ, ಕಾರ್ನೆಲಿಸ್ ಲೆಲಿ ಎಂಬ ಎಂಜಿನಿಯರನ ಯೋಜನೆಯಂತೆ 32 ಕಿಲೋಮೀಟರುದ್ದದ ಅಡ್ಡಗಟ್ಟೆಯೆದ್ದಿತು. ಲೆಲಿ 1929ರಲ್ಲಿ ಮೃತನಾದನು. ಕಟ್ಟೆಯು ಕೂಡಿಕೊಂಡದ್ದು 1932ರ ಮೇ 28ರಂದು. ಪ್ಲಾಟನ್ನನ ವರ್ಷಗಳಿಗೂ ಇವಕ್ಕೂ ಸರಿಯಾಗಿ ನೂರು ವರ್ಷದ ಅಂತರ! ಇದರಲ್ಲಿ ದೈವಸಂಕೇತವನ್ನು ಕಾಣುವ ಚಪಲ ನನಗಿಲ್ಲ. ಆದರೆ ಕಟ್ಟೆ ಕೂಡಿದ ಕೆಲವೇ ವರ್ಷಗಳಲ್ಲಿ ನೀರು ಸಿಹಿಯಾಗಿ, ಹೆರಿಂಗ್ ಮೀನೂ ಆಂಚೊವಿ ಮೀನೂ ಇಲ್ಲವಾದುವು. ಉರ್ಕ್ ದ್ವೀಪದ, ಫೋಲೆಂಡಾಮಿನ ಬೆಸ್ತರ ಜೀವನೋಪಾಯ ಕುಸಿಯಿತು. ಉರ್ಕ್ 1939ರಲ್ಲಿ ದ್ವೀಪವಾಗಿರುವುದನ್ನೇ ಬಿಟ್ಟಿತು. ಅಲ್ಲಿಯ ಬೆಸ್ತರು ಮುಂದೆ ಉತ್ತರ ಸಮುದ್ರಕ್ಕೆ ಹೋಗಿ ಹೊಸದಾಗಿ ಬಾಳು ಕಟ್ಟಿಕೊಂಡರೆಂಬುದು ಸಂತೋಷದ ಸಂಗತಿಯೇ. ಆದರೆ ಅದು ಅವರ ಪೌರುಷವೇ ಹೊರತು ಕಟ್ಟೆ ಕಟ್ಟಿದವರ ಪುಣ್ಯವಲ್ಲ.

ಫಲದ ಮೇಲೆ ಹಕ್ಕಿಲ್ಲವೆಂದರೆ ಹೊಣೆಯೂ ಇಲ್ಲವೆಂದಾಗುವುದೆ? ಎಂದಿಗೂ ಆಗದು. ಲಾಭವನ್ನು ಬಿಟ್ಟುಕೊಡುವುದು ಕರ್ತೃವಿನ ಸ್ವಾತಂತ್ರ್ಯಕ್ಕೆ ಸೇರಿದ್ದು. ಅನ್ಯರಿಗೆ ಉಂಟಾದ ಹಾನಿಯನ್ನು ಬಿಟ್ಟುಕೊಡಲು ಅವನು ಯಾರು? ಕಟ್ಟೆ ಮುಗಿಯುವುದಕ್ಕೆ ಏಳು ವರ್ಷ ಮುಂಚೆಯೇ, 1925ರಲ್ಲಿ, ಡಚ್ ಸಂಸತ್ತು ಕೊಲ್ಲಿಯ ಬೆಸ್ತರಿಗೆ ನೆರವು ನೀಡುವ ಶಾಸನವೊಂದನ್ನು ಮಾಡಿತು. ಅದು ಹೋದ ಸಮುದ್ರವನ್ನು ಹಿಂದಕ್ಕೆ ಕೊಡುವಂತಿರಲಿಲ್ಲ; ಆದರೂ ಹೊಣೆಯುಂಟೆಂಬುದನ್ನು ಲಿಖಿತವಾಗಿ ಒಪ್ಪಿಕೊಂಡಿತು. ನಿಷ್ಕಾಮಕರ್ಮವನ್ನು ಸಭೆಗಳಲ್ಲಿ ವ್ಯಾಖ್ಯಾನಿಸುವ ಮಹನೀಯರು, ಪ್ಲಾಟನ್ನನಂಥವರ ಉದಾಹರಣೆಯನ್ನು ಕೊಟ್ಟು ತೃಪ್ತರಾಗದೆ, ಉರ್ಕಿನ ಬೆಸ್ತರ ಪಕ್ಷವನ್ನೂ ಅದೇ ಪ್ರಸಂಗದಲ್ಲಿ ವಿಚಾರಿಸಬೇಕೆಂದು ನನ್ನ ವಿಜ್ಞಾಪನೆ.