ಬಿಟ್ಟುಕೊಟ್ಟವರ ಪಟ್ಟಿ



ನಮ್ಮ ಮನೆಗಳ ನಡುಮನೆಯಲ್ಲಿ ಯೇಸುಸ್ವಾಮಿಯ ಪವಿತ್ರ ಹೃದಯದ ಪಟ ಇರುತ್ತದೆ. ಅದರ ಮುಂದೆ ಒಂದು ಚಿಕ್ಕ ಕೆಂಪು ದೀಪ. ಈಚಿನ ವರ್ಷಗಳಲ್ಲಿ ಅದೇ ಕೋಣೆಯಲ್ಲಿ, ಟಿವಿಯ ಪಕ್ಕದಲ್ಲೋ ಬಾಗಿಲಿನ ಮೇಲೋ, ಇನ್ನೊಂದು ಪುಟ್ಟ ಪೆಟ್ಟಿಗೆ ಬಂದು ಕುಳಿತಿದೆ. ಅದಕ್ಕೂ ಹಗಲಿರುಳು ಮಿನುಗುವ ಹಸಿರು ದೀಪಗಳಿವೆ. ಅದರ ಹೆಸರು ರೂಟರ್. ಆ ಹಸಿರು ದೀಪ ಆರಿದರೆ ಸಾಕು, ಒಂದೊಂದು ಕೋಣೆಯಿಂದ ಒಬ್ಬೊಬ್ಬರು ಹೊರಬಂದು "ನೆಟ್ ಹೋಯಿತೇ?" ಎಂದು ಕೇಳುತ್ತಾರೆ. ದೂರುವುದಕ್ಕಾಗಿ ಈ ಮಾತು ಹೇಳುತ್ತಿಲ್ಲ. ಆ ಪೆಟ್ಟಿಗೆ ಏನು ಮಾಡುತ್ತದೆ, ಏನನ್ನು ಮಾಡಲಾರದು ಎಂಬುದನ್ನು ಈ ವಾರ ಸ್ವಲ್ಪ ಯೋಚಿಸೋಣ. ಅದರಲ್ಲಿ ಕುಟುಂಬಕ್ಕೆ ಒಂದು ಪಾಠವಿದೆ.

ನಮ್ಮ ದೇಶದಲ್ಲಿ ಸಾರ್ವಜನಿಕರಿಗೆ ಇಂಟರ್ನೆಟ್ ದೊರೆತದ್ದು 1995ರ ಆಗಸ್ಟ್ 15ರಂದು, ವಿದೇಶ ಸಂಚಾರ ನಿಗಮದ ಮೂಲಕ. ಆ ಕಾಲದಲ್ಲಿ ಅದು ಮನೆಗೆ ಬರುತ್ತಿದ್ದುದು ಟೆಲಿಫೋನ್ ತಂತಿಯಲ್ಲಿ. ಮೋಡೆಮ್ ಕೀಚುಗುಟ್ಟುತ್ತಾ ಸಂಪರ್ಕ ಪಡೆಯುತ್ತಿತ್ತು. ಒಬ್ಬರು ಕಂಪ್ಯೂಟರಿನ ಮುಂದೆ ಕುಳಿತರೆ ಮನೆಯ ಫೋನು ಯಾರಿಗೂ ಸಿಗುತ್ತಿರಲಿಲ್ಲ. ಒಂದು ತಂತಿ, ಒಂದು ಕಂಪ್ಯೂಟರ್, ಒಬ್ಬರ ಸರದಿ. ಉಳಿದವರು ಕಾಯಬೇಕಾಗಿತ್ತು.

ಈಗ ಹಾಗಿಲ್ಲ. ಅಪ್ಪನ ಲ್ಯಾಪ್‌ಟಾಪ್, ಮಗಳ ಕಂಪ್ಯೂಟರ್, ಅಮ್ಮನ ಮೊಬೈಲ್, ಹಾಲ್‌ನ ಟಿವಿ ಎಲ್ಲವೂ ಏಕಕಾಲಕ್ಕೆ ನಡೆಯುತ್ತವೆ. ಹೊರಗಿನಿಂದ ಬರುವುದು ಈಗಲೂ ಒಂದೇ ತಂತಿ. ಅದನ್ನು ಎಲ್ಲರಿಗೂ ಹಂಚುವುದು ಈ ಪೆಟ್ಟಿಗೆಯ ಕೆಲಸ.

ಅದು ಹೇಗೆ? ಇಂಟರ್ನೆಟ್ಟಿನಲ್ಲಿ ಪತ್ರ ಹೋಗಿಬರಬೇಕಾದರೆ ವಿಳಾಸ ಬೇಕು. ಮೊದಲು ಏರ್ಪಡಿಸಿದ ಪದ್ಧತಿಯಲ್ಲಿ ಸಾಧ್ಯವಿದ್ದ ವಿಳಾಸಗಳು ಸುಮಾರು 430 ಕೋಟಿ. ಅವು ಜಗತ್ತಿನ ಯಂತ್ರಗಳಿಗೆಲ್ಲ ಸಾಲುವುದಿಲ್ಲ ಎಂದು ಎಂಜಿನಿಯರುಗಳು ಬೇಗನೆ ಮನಗಂಡರು. 1994ರಲ್ಲಿ ಅವರು ಒಂದು ಉಪಾಯವನ್ನು ಪ್ರಕಟಿಸಿದರು. ಮನೆಯೊಳಗಿನ ಯಂತ್ರಗಳಿಗೆ ಮನೆಯೊಳಗೆ ಮಾತ್ರ ಸಲ್ಲುವ ಸಂಖ್ಯೆಗಳು, ಹೊರಗಿನ ಲೋಕಕ್ಕೆ ಇಡೀ ಮನೆಗೆ ಒಂದೇ ವಿಳಾಸ. 192.168 ಎಂದು ಆರಂಭವಾಗುವ ಸಂಖ್ಯೆಯನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ಅದು ನಿಮ್ಮ ಮನೆಯಲ್ಲೂ ಇರುತ್ತದೆ, ಪಕ್ಕದ ಮನೆಯಲ್ಲೂ ಇರುತ್ತದೆ. ಒಂದು ಬೀದಿಯ ಹತ್ತು ಮನೆಗಳಲ್ಲಿ ಹತ್ತು ಮಕ್ಕಳನ್ನು "ಪುಟ್ಟಾ" ಎಂದು ಕರೆಯುವುದಿಲ್ಲವೇ? ಯಾರಿಗೂ ಗೊಂದಲವಾಗುವುದಿಲ್ಲ, ಏಕೆಂದರೆ ಆ ಹೆಸರು ಹೊಸಿಲು ದಾಟುವುದಿಲ್ಲ. ಅಂಚೆಯವರಿಗೆ ಬೇಕಾದದ್ದು ಮನೆಯ ವಿಳಾಸ ಮಾತ್ರ.

ತಾಯಿ ಸಂತೆಗೆ ಹೊರಟಾಗ ಮನೆಮಂದಿ ಒಂದೊಂದು ಸಾಮಾನು ಹೇಳುತ್ತಾರೆ. ಆಕೆ ನೆನಪಿಟ್ಟುಕೊಂಡು ಹೋಗಿ, ಬಂದ ಮೇಲೆ ಚೀಲ ಬಿಚ್ಚಿ, ಬಳಪ ಕೇಳಿದವನಿಗೆ ಬಳಪ, ಔಷಧಿ ಕೇಳಿದವರಿಗೆ ಔಷಧಿ ಕೊಡುತ್ತಾಳೆ. ರೂಟರ್ ಮಾಡುವುದೂ ಅದನ್ನೇ. ಯಾವ ಯಂತ್ರ ಏನು ಕೇಳಿತು ಎಂದು ಗುರುತು ಹಾಕಿಕೊಂಡು, ಮನೆಯ ವಿಳಾಸದಿಂದ ಕೇಳಿ, ಉತ್ತರ ಬಂದಾಗ ಕೇಳಿದವರಿಗೇ ತಲುಪಿಸುತ್ತದೆ.

ಆದರೆ ತಾಯಿಗೂ ಈ ಯಂತ್ರಕ್ಕೂ ಒಂದು ವ್ಯತ್ಯಾಸವಿದೆ. ಹಣ ಸಾಲದೆ ಬಂದರೆ ತಾಯಿ ಮೊದಲು ಔಷಧಿಯನ್ನು ಕೊಳ್ಳುತ್ತಾಳೆ. ರೂಟರಿಗೆ ಆ ವಿವೇಕವಿಲ್ಲ. ಅದಕ್ಕೆ ಮಗಳ ಪರೀಕ್ಷೆಯೂ ಒಂದೇ, ಮಗನ ಆಟವೂ ಒಂದೇ. ತಂತಿಯಲ್ಲಿ ಬರುವುದು ಸಾಲದಾದಾಗ, ಹೆಚ್ಚು ಹೆಚ್ಚು ಎಳೆದುಕೊಳ್ಳುವ ಯಂತ್ರಕ್ಕೆ ಹೆಚ್ಚು ಹೋಗುತ್ತದೆ, ಮೆಲ್ಲಗೆ ಕೇಳುವುದು ಹಿಂದೆ ಬೀಳುತ್ತದೆ. ಕೆಲವು ರೂಟರುಗಳಲ್ಲಿ ಇಂಥ ಯಂತ್ರಕ್ಕೆ ಮೊದಲ ಸ್ಥಾನ ಕೊಡು ಎಂದು ಆಜ್ಞೆ ಮಾಡಬಹುದು. ಆದರೆ ಆ ಮೊದಲ ಸ್ಥಾನ ಯಾರದು ಎಂಬುದನ್ನು ಮನೆಯವರೇ ನಿರ್ಧರಿಸಬೇಕು.

ಈಗ ನಾನು ಬಲ್ಲ ಒಂದು ಮನೆಯ ಸಂಗತಿ ಕೇಳಿ. 2020ರ ಮಾರ್ಚ್ ತಿಂಗಳಲ್ಲಿ ದೇಶಕ್ಕೆ ದೇಶವೇ ಬಾಗಿಲು ಮುಚ್ಚಿತಲ್ಲವೇ? ದೇವಾಲಯಗಳೂ ಮುಚ್ಚಿದವು. ಬಲಿಪೂಜೆಯನ್ನು ಮೊಬೈಲಿನಲ್ಲಿ ನೋಡುವ ಕಾಲ ಬಂತು. ಆ ಮನೆಯಲ್ಲಿ ಅಪ್ಪನಿಗೆ ಆಫೀಸಿನ ಕೆಲಸ, ಅಮ್ಮ ಶಾಲಾ ಶಿಕ್ಷಕಿಯಾದ್ದರಿಂದ ಮಕ್ಕಳಿಗೆ ಆನ್‌ಲೈನ್ ಪಾಠ ಹೇಳಬೇಕು, ಮಗನಿಗೆ ಕಾಲೇಜಿನ ತರಗತಿ. ಅಜ್ಜಿಗೆ ಬೆಳಗಿನ ಒಂಬತ್ತರ ಪೂಜೆ. ಎಲ್ಲವೂ ಒಂದೇ ಹೊತ್ತಿಗೆ, ಒಂದೇ ತಂತಿಯಲ್ಲಿ. ಅಪ್ಪನ ಮೀಟಿಂಗು ನಿಂತುಹೋಗುತ್ತಿತ್ತು. ಮಗನ ತರಗತಿ ತುಂಡು ತುಂಡಾಗುತ್ತಿತ್ತು. ದಿನ ಬೆಳಗಾದರೆ "ಯಾರು ನೆಟ್ ತಿನ್ನುತ್ತಿರುವುದು?" ಎಂಬ ಕೂಗು. ಒಬ್ಬರ ಮೇಲೊಬ್ಬರಿಗೆ ಸಂಶಯ.

ಒಂದು ದಿನ ಮಗನೇ ಪತ್ತೆ ಮಾಡಲು ಕುಳಿತ. ರೂಟರಿನ ಪುಟವನ್ನು ತೆರೆದರೆ ಸೇರಿಕೊಂಡಿರುವ ಯಂತ್ರಗಳ ಪಟ್ಟಿ ಕಾಣುತ್ತದೆ. ಅಪ್ಪನ ಲ್ಯಾಪ್‌ಟಾಪ್ ಇತ್ತು. ಅಮ್ಮನದು ಇತ್ತು. ಅವನದಂತೂ ಮೂರು ಇದ್ದವು: ತರಗತಿಯ ಕಂಪ್ಯೂಟರ್, ಮೊಬೈಲ್, ಹಿಂದಿನ ರಾತ್ರಿ ಡೌನ್‌ಲೋಡಿಗೆ ಇಟ್ಟು ಮರೆತ ಆಟದ ಕಂಪ್ಯೂಟರ್. ಅಜ್ಜಿಯ ಮೊಬೈಲ್ ಮಾತ್ರ ಪಟ್ಟಿಯಲ್ಲಿ ಇರಲಿಲ್ಲ. ಕೆಟ್ಟಿರಬಹುದು ಎಂದುಕೊಂಡು ಅವನು ಕೋಣೆಗೆ ಹೋದ. ಅಜ್ಜಿ ಕಿಟಕಿಯ ಬಳಿ ಜಪಸರ ಹಿಡಿದು ಕುಳಿತಿದ್ದರು.

"ಅಜ್ಜಿ, ಪೂಜೆ ನೋಡ್ತಿಲ್ವಾ?"

"ನೀವೆಲ್ಲ ಕಷ್ಟಪಡ್ತಿದ್ರಲ್ಲ ಮಗಾ. ಒಂಬತ್ತು ಗಂಟೆಗೆ ಆಫ್ ಮಾಡಿಬಿಡ್ತೀನಿ. ಒಂದು ತಿಂಗಳಾಯ್ತು. ನಂದೇನು, ಜಪ ಮಾಡ್ಕೋತೀನಿ."

ಒಂದು ತಿಂಗಳು! ದೇವಾಲಯಕ್ಕೆ ಹೋಗಲಾರದ ಆ ದಿನಗಳಲ್ಲಿ ಆ ಮುದುಕಿಗೆ ಉಳಿದಿದ್ದ ಒಂದೇ ಸಮಾಧಾನವೆಂದರೆ ಆ ಪೂಜೆ. ಅದನ್ನೂ ಬಿಟ್ಟುಕೊಟ್ಟಿದ್ದರು. ಮನೆಯಲ್ಲಿ ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ತಪ್ಪಿತಸ್ಥನನ್ನು ಹುಡುಕಲು ಹೊರಟ ಹುಡುಗನಿಗೆ ಸಿಕ್ಕದ್ದು ತನ್ನ ಹೆಸರು, ಅದರ ಜೊತೆಗೆ ಅಜ್ಜಿಯ ತ್ಯಾಗ.

ಪ್ರಿಯರೇ, ಯಾರು ಎಷ್ಟು ಬಳಸಿದರು ಎಂಬ ಲೆಕ್ಕ ಅನೇಕ ರೂಟರುಗಳಲ್ಲಿ ಸಿಗುತ್ತದೆ. ಯಾರು ಬಿಟ್ಟುಕೊಟ್ಟರು ಎಂಬ ಪಟ್ಟಿ ಯಾವ ರೂಟರಿನಲ್ಲೂ ಇಲ್ಲ. ಮಾರ್ಕನ ಶುಭಸಂದೇಶದ 12ನೇ ಅಧ್ಯಾಯವನ್ನು ನೆನಪಿಗೆ ತಂದುಕೊಳ್ಳಿ. ಯೇಸುಸ್ವಾಮಿ ಕಾಣಿಕೆಯ ಪೆಟ್ಟಿಗೆಯ ಎದುರಿಗೆ ಕುಳಿತಿದ್ದಾರೆ. ಸಿರಿವಂತರು ಧಾರಾಳವಾಗಿ ಹಾಕುತ್ತಿದ್ದಾರೆ. ಒಬ್ಬ ಬಡ ವಿಧವೆ ಎರಡು ಚಿಕ್ಕ ಕಾಸು ಹಾಕಿ ಹೋಗುತ್ತಾಳೆ. ದೇವಾಲಯದ ಲೆಕ್ಕದಲ್ಲಿ ಅದು ಲೆಕ್ಕಕ್ಕೇ ಬಾರದು. ಆದರೆ ಆಕೆ ಕೊಟ್ಟದ್ದು ತನ್ನ ಜೀವನಕ್ಕಿದ್ದ ಎಲ್ಲವನ್ನೂ ಎಂದು ಸ್ವಾಮಿ ಕಂಡರು, ಶಿಷ್ಯರನ್ನು ಕರೆದು ತೋರಿಸಿದರು. ನಮ್ಮ ಮನೆಗಳಲ್ಲಿಯೂ ಇಂಥವರಿದ್ದಾರೆ. ಅವರನ್ನು ಸ್ವಾಮಿ ಕಂಡಿದ್ದಾರೆ. ನಾವು ಕಂಡಿದ್ದೇವೆಯೇ?

ಇದನ್ನು ಓದಿ ತಂತಿಯನ್ನೇ ಕಿತ್ತುಹಾಕಬೇಕೆಂದು ಯಾರೂ ಭಾವಿಸಬೇಡಿ. 2025ರ ಸೆಪ್ಟೆಂಬರ್ 7ರಂದು ಜಗದ್ಗುರು ಹದಿನಾಲ್ಕನೇ ಲಿಯೋರವರು ಸಂತರೆಂದು ಘೋಷಿಸಿದ ಕಾರ್ಲೊ ಅಕುತಿಸ್ ಕಂಪ್ಯೂಟರನ್ನು ಪ್ರೀತಿಸಿದ ಹುಡುಗ. 2006ರಲ್ಲಿ, 15ನೇ ವಯಸ್ಸಿನಲ್ಲಿ ರಕ್ತದ ಕ್ಯಾನ್ಸರಿನಿಂದ ತೀರಿಕೊಳ್ಳುವ ಮುನ್ನ, ಪರಮಪ್ರಸಾದದ ಅದ್ಭುತಗಳ ವಿವರಗಳನ್ನು ಇಂಟರ್ನೆಟ್ಟಿನಲ್ಲಿ ಜೋಡಿಸಿಟ್ಟ. ಯಂತ್ರ ಒಳ್ಳೆಯ ಸೇವಕ. ಆದರೆ ಮನೆಯಲ್ಲಿ ಯಾರ ಅಗತ್ಯ ಮೊದಲು ಎಂಬುದನ್ನು ಆ ಸೇವಕನಿಗೆ ಬಿಡಬಾರದು.

ಹಾಗಾದರೆ ಏನು ಮಾಡೋಣ? ಆ ಮನೆಯವರು ಮಾಡಿದ್ದನ್ನೇ ಹೇಳುತ್ತೇನೆ. ಬೀರುವಿನ ಹಿಂದೆ ಅಡಗಿದ್ದ ರೂಟರನ್ನು ಮನೆಯ ಮಧ್ಯಭಾಗಕ್ಕೆ ತಂದು ಎತ್ತರದಲ್ಲಿ ಇಟ್ಟರು. ಕಬ್ಬಿಣದ ಬೀರು, ದಪ್ಪ ಗೋಡೆ ಇವು ವೈಫೈಯನ್ನು ತಡೆಯುತ್ತವೆ. ಕದಲದೆ ಒಂದೇ ಕಡೆ ಇರುವ ಕಂಪ್ಯೂಟರಿಗೆ ಕೇಬಲ್ ಎಳೆದರು. ಅದರಿಂದ ಗಾಳಿಯ ದಾರಿ ಉಳಿದವರಿಗೆ ಬಿಡುವಾಯಿತು. ದೊಡ್ಡ ಡೌನ್‌ಲೋಡುಗಳನ್ನು ಎಲ್ಲರೂ ಮಲಗಿದ ಮೇಲೆ ಇಡುವುದೆಂದು ಮಗ ಒಪ್ಪಿದ. ಕೊನೆಗೆ ಒಂದು ಹಾಳೆಯಲ್ಲಿ ಯಾರಿಗೆ ಯಾವ ಹೊತ್ತು ಮುಖ್ಯ ಎಂದು ಬರೆದು ರೂಟರಿನ ಪಕ್ಕದಲ್ಲಿ ಅಂಟಿಸಿದರು. ಮೊದಲ ಸಾಲನ್ನು ಮೊಮ್ಮಗನೇ ಬರೆದ: ಬೆಳಗ್ಗೆ ಒಂಬತ್ತು, ಅಜ್ಜಿಯ ಪೂಜೆ. ಮರುದಿನ ಅವನು ಅಜ್ಜಿಯ ಪಕ್ಕದಲ್ಲಿ ಕುಳಿತು, ತರಗತಿ ಆರಂಭವಾಗುವವರೆಗೆ ಜೊತೆಯಲ್ಲಿ ಪೂಜೆ ನೋಡಿದ.

ಈ ವಾರ ನಿಮ್ಮ ಮನೆಯಲ್ಲೂ ಸಂಜೆಯ ಜಪಸರ ಮುಗಿದ ಮೇಲೆ ಐದು ನಿಮಿಷ ಕುಳಿತುಕೊಳ್ಳಿ. ಪ್ರತಿಯೊಬ್ಬರನ್ನೂ "ನಿನಗೆ ಯಾವ ಹೊತ್ತು ಬೇಕು?" ಎಂದು ಕೇಳಿ. ಎಂದೂ ಏನನ್ನೂ ಕೇಳದವರನ್ನು ಮೊದಲು ಕೇಳಿ. "ನನಗೇನೂ ಬೇಡ" ಎಂದರೆ ಅಲ್ಲಿಗೇ ಬಿಡಬೇಡಿ, ಇನ್ನೊಮ್ಮೆ ಕೇಳಿ.

ಓ ಪ್ರಭುವೇ, ನಮ್ಮ ಮನೆಗೆ ಬರುವುದೆಲ್ಲವೂ ನಿಮ್ಮ ಕೈಯಿಂದಲೇ ಬರುತ್ತದೆ. ಅದನ್ನು ಹಂಚಿಕೊಳ್ಳುವಾಗ ಸದ್ದಿಲ್ಲದೆ ಬಿಟ್ಟುಕೊಟ್ಟವರನ್ನು ಕಾಣುವ ಕಣ್ಣನ್ನು ನಮಗೆ ಕೊಡಿರಿ. ಆಮೆನ್.