ಲೆಕ್ಕಕ್ಕೆ ಸಿಗದ ಬೆಳೆ



ಕನಕಪುರ ಸೀಮೆಯ ತಾಯಿಯೊಬ್ಬರು ಒಮ್ಮೆ ನನ್ನನ್ನು ಕೇಳಿದರು: “ಸ್ವಾಮಿ, ಮಗನಿಗೆ ಜಪ ಕಲಿಸಿದೆ, ಕೈಹಿಡಿದು ಪೂಜೆಗೆ ಕರೆತಂದೆ. ಬೆಂಗಳೂರು ಸೇರಿದ ಮೇಲೆ ಅವನು ದೇವಾಲಯದ ಮೆಟ್ಟಿಲೇ ಹತ್ತುತ್ತಿಲ್ಲ. ನಾನು ಪಟ್ಟ ಪಾಡೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತೇ?”

ಆಗ ನನ್ನ ನೆನಪಿಗೆ ಬಂದವರು ಫ್ರಾನ್ಸಿನ ಧರ್ಮಗುರು ಅಬ್ಬೆ ದ್ಯುಬ್ವಾ. ಮೈಸೂರು ಸೀಮೆಯಲ್ಲಿ ವಿಶ್ವಾಸದ ಬೀಜ ಬಿದ್ದದ್ದು ಅವರಿಗಿಂತ ಬಹು ಹಿಂದೆ. 17ನೇ ಶತಮಾನದಲ್ಲಿ ಯೇಸುಸಭೆಯ ಲಿಯೊನಾರ್ಡೊ ಚಿನ್ನಾಮಿ ಶ್ರೀರಂಗಪಟ್ಟಣಕ್ಕೆ ಬಂದು ಕನ್ನಡ ಕಲಿತು ಬೋಧಿಸಿದ್ದರು. 1773ರಲ್ಲಿ ಆ ಸಭೆಯೇ ರದ್ದಾಯಿತು. ಮಂದೆ ಕುರುಬನಿಲ್ಲದೆ ಸೊರಗಿತು. 1799ರಲ್ಲಿ ಟಿಪ್ಪು ಸುಲ್ತಾನರ ಪತನವಾದ ಮೇಲೆ ಚದುರಿದವರನ್ನು ಕೂಡಿಸಲು ಬಂದವರು ದ್ಯುಬ್ವಾ. ಉಡುಗೆ ಊಟಗಳಲ್ಲಿ ಅವರು ಈ ನಾಡಿನವರೇ ಆದರು. ಹಾಸನದ ಬಳಿಯ ಸತ್ತಿಹಳ್ಳಿಯಲ್ಲಿ ಬಡವರಿಗಾಗಿ ಬೇಸಾಯದ ನೆಲೆ ಕಟ್ಟಿದರು. ನಮ್ಮ ಹಿರಿಯರು ‘ದಾಕು’ ಎನ್ನುತ್ತಿದ್ದ ಸಿಡುಬಿನ ಲಸಿಕೆಯನ್ನು ಪ್ರಚಾರಕ್ಕೆ ತಂದರು. 1803-04ರಲ್ಲಿ ಲಸಿಕೆ ಪಡೆದವರ ಲೆಕ್ಕ 25,432.

ಇಂಥವರು ತಮ್ಮ ಸೇವೆಯನ್ನು ತಾವೇ ತೂಗಿನೋಡಿ ಹೇಳಿದ್ದೇನು? ಮೂರು ದಶಕ ದುಡಿದು 1823ರಲ್ಲಿ ಊರಿಗೆ ಮರಳಿದರು. ಅದೇ ವರ್ಷ ಲಂಡನ್ನಿನಲ್ಲಿ ಅಚ್ಚಾದ ಪತ್ರಗಳಲ್ಲಿ, ಹಿಂದೂಗಳನ್ನು ಕ್ರೈಸ್ತರನ್ನಾಗಿಸುವುದು ಆಗದ ಮಾತೆಂದೂ ತಮ್ಮ ಶ್ರಮ ಫಲಿಸಲಿಲ್ಲವೆಂದೂ ಬರೆದರು.

ಅವರನ್ನು ಅವಿಶ್ವಾಸಿಯೆಂದು ಜರೆಯಲು ನನಗೆ ಮನಸ್ಸಿಲ್ಲ. ಸೋಲನ್ನು ಮುಚ್ಚಿಟ್ಟು ಹೊಗಳಿಕೆ ಪಡೆಯುವ ಸೇವಕನಿಗಿಂತ ಅವರು ಎಷ್ಟೋ ಮೇಲು. ಆದರೆ ದೀಕ್ಷಾಸ್ನಾನ ಪಡೆದವರನ್ನು ಮಾತ್ರ ಎಣಿಸಿ ನಿರಾಶರಾದಾಗ, ಸಿಡುಬಿನಿಂದ ಉಳಿದ ಕೂಸುಗಳನ್ನು ಅವರು ಯಾವ ಕಡತಕ್ಕೆ ಸೇರಿಸಿದರು? ಪ್ರತಿ ವರ್ಷ ಧರ್ಮಕೇಂದ್ರದ ವರದಿ ತುಂಬುವಾಗ ನನ್ನ ಕೈಯೂ ಇಲ್ಲಿಯೇ ತಡೆಯುತ್ತದೆ. ಜ್ಞಾನಸ್ನಾನವೆಷ್ಟು, ವಿವಾಹವೆಷ್ಟು ಎಂಬುದಕ್ಕೆ ಅಂಕಣಗಳಿವೆ. ರೋಗಿಯ ಪಕ್ಕ ಕುಳಿತ ರಾತ್ರಿಗೆ ಇಲ್ಲ. ಬಿತ್ತಿದವನ ಕಣ್ಣೆದುರಿಗೇ ಕೊಯ್ಲು ಆಗಬೇಕೆಂದು ಕರ್ತರು ಎಲ್ಲಿಯೂ ಮಾತು ಕೊಟ್ಟಿಲ್ಲ. ಇಂದು ಹಾರೋಬೆಲೆಯಲ್ಲಿ ಶುಭ ಶುಕ್ರವಾರ ಬೆಟ್ಟವೇರುವ ಜನರನ್ನು ಕಂಡಿದ್ದರೆ ಆ ಗುರುಗಳು ಏನೆನ್ನುತ್ತಿದ್ದರೋ!

ಅವರ ಮುಂದಿನ ಬಾಳನ್ನೂ ಆ ತಾಯಿಗೆ ಹೇಳಿದೆ. ಪ್ಯಾರಿಸ್ಸಿಗೆ ಮರಳಿದ ದ್ಯುಬ್ವಾ ಸುಮ್ಮನೆ ಕೂರಲಿಲ್ಲ. ದೂರದೇಶಗಳಿಗೆ ಹೊರಡುವ ಗುರುಗಳನ್ನು ಸಿದ್ಧಗೊಳಿಸುವ ಗುರುಮಠದಲ್ಲಿ ಹೊಣೆ ಹೊತ್ತರು; 1848ರಲ್ಲಿ ತೀರಿಕೊಂಡರು. ಆಗದೆಂದು ಬರೆದವರೇ ಹೋಗುವವರನ್ನು ಅಣಿಗೊಳಿಸಿದರು.

“ಮತ್ತೆ ಇತ್ತ ಬರಲೇ ಇಲ್ಲವೇ ಸ್ವಾಮಿ?” ಎಂದರು ಆಕೆ.

ಬರಲಿಲ್ಲವೆಂದೆ. ಮಗನ ದೂರವಾಣಿ ಸಂಖ್ಯೆ ಬರೆದ ಚೀಟಿಯನ್ನು ನನ್ನ ಕೈಗಿತ್ತು, ಅವರು ಜಪಸರದೊಡನೆ ದೇವಾಲಯದೊಳಗೆ ಹೋದರು.